ಬಾಂಬಿಗಿಂತ ಮುಂಚೆ ಹಾರಿದ ಕಣ್ಣು

ಯುದ್ಧದ ಕಥೆ ಹೇಳುವವರು ಹೊಡೆದವನ ಹೆಸರನ್ನು ಹೇಳುತ್ತಾರೆ. ನೋಡಿ ಬಂದವನ ಹೆಸರನ್ನು ಮರೆತುಬಿಡುತ್ತಾರೆ. ಕೋಟೆ ಒಡೆದ ದಳವಾಯಿಗೆ ಶಾಸನ, ಉಂಬಳಿ. ಹಿಂದಿನ ರಾತ್ರಿ ಕತ್ತಲಲ್ಲಿ ಕಂದಕದ ಆಳ ನೋಡಿ ಬಂದ ಬೇಹಿನವನಿಗೆ ಬಹಳವಾದರೆ ಒಂದು ಹಿಡಿ ಹಣ. ವಿಮಾನಗಳ ಕಾಲ ಬಂದ ಮೇಲೂ ಈ ಪದ್ಧತಿ ಬದಲಾಗಲಿಲ್ಲ. ಬಾಂಬು ಹಾಕುವ ಭಾರಿ ವಿಮಾನಗಳನ್ನು ಚಲನಚಿತ್ರಗಳಲ್ಲಾದರೂ ಕಂಡವರು ಬಹಳ ಮಂದಿ. ಆ ವಿಮಾನಗಳು ಹೊರಡುವ ಮುಂಚೆ ಒಬ್ಬಂಟಿಯಾಗಿ, ಆಯುಧವಿಲ್ಲದೆ, ಶತ್ರುವಿನ ನೆತ್ತಿಯ ಮೇಲೆ ಹಾರಿ ಚಿತ್ರ ತೆಗೆದು ತಂದವರನ್ನೂ, ಬಾಂಬು ಬಿದ್ದ ಮೇಲೆ ಮತ್ತೆ ಅದೇ ಜಾಗಕ್ಕೆ ಹೋಗಿ ಮುರಿದದ್ದೇನು, ಉಳಿದದ್ದೇನು ಎಂದು ನೋಡಿ ಬಂದವರನ್ನೂ ಬಲ್ಲವರು ಕಡಮೆ.

ಚರಿತ್ರೆಯ ಕ್ರಮದಲ್ಲಿ ನೋಡಿದರೆ ಇವರೇ ಹಿರಿಯರು. ೧೯೧೧ರಲ್ಲಿ ಇಟಲಿಗೂ ತುರ್ಕಿಗೂ ಲಿಬಿಯಾ ದೇಶಕ್ಕಾಗಿ ಯುದ್ಧ ನಡೆಯಿತು. ಆ ವರ್ಷದ ಅಕ್ಟೋಬರ್ ೨೩ರಂದು ಕಾರ್ಲೋ ಪಿಯಾಜ಼ಾ ಎಂಬ ಇಟಲಿಯ ಕ್ಯಾಪ್ಟನ್ ಟ್ರಿಪೊಲಿಯಿಂದ ಹಾರಿ ತುರ್ಕಿಯ ಪಾಳೆಯಗಳನ್ನು ಮೇಲಿನಿಂದ ನೋಡಿ ಬಂದ. ಯುದ್ಧದಲ್ಲಿ ವಿಮಾನ ಮಾಡಿದ ಮೊದಲ ಕೆಲಸ ಅದು. ನವೆಂಬರ್ ೧ರಂದು ಅದೇ ಪಡೆಯ ಗಾವೊಟ್ಟಿ ಎಂಬ ತರುಣ ತನ್ನ ವಿಮಾನದಿಂದ ಕೈಯಲ್ಲೇ ನಾಲ್ಕು ಸಣ್ಣ ಬಾಂಬುಗಳನ್ನು ಎಸೆದ. ಬಾಂಬಿಗಿಂತ ಕಣ್ಣು ಒಂಬತ್ತು ದಿನ ಮೊದಲು ಹಾರಿತು.

ಹೊಡೆಯುವ ಕೈಗಿಂತ ನೋಡುವ ಕಣ್ಣು ಏಕೆ ಮುಂದಾಗಬೇಕು ಎಂಬುದನ್ನು ತಿಳಿಯಲು ಲಿಬಿಯಾದವರೆಗೆ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಪಡುವಲಕ್ಕೂ ತೆಂಕಲಕ್ಕೂ ಹರಡಿರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ನೆಲವೇ ವಿಮಾನ ಹುಟ್ಟುವುದಕ್ಕೆ ನೂರು ವರ್ಷ ಮೊದಲು ಆ ಪಾಠವನ್ನು ಒಂದು ದೊಡ್ಡ ದಂಡಿಗೆ ಕಲಿಸಿತ್ತು.

ಕನಕಪುರದ ದಾರಿ

೧೭೯೧ರ ಮಾರ್ಚಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಯನ್ನು ಹಿಡಿದ. ಮುಂದಿನ ಗುರಿ ಶ್ರೀರಂಗಪಟ್ಟಣ. ನೇರವಾದ ದಾರಿ ರಾಮಗಿರಿ, ಚನ್ನಪಟ್ಟಣಗಳ ಮೇಲೆ ಹೋಗುತ್ತಿತ್ತು. ಆದರೆ ಆ ದಾರಿಯ ಆಚೆ ಈಚೆ ಬಂಡೆಯ ಬೆಟ್ಟಗಳು, ಬೆಟ್ಟಗಳ ಮೇಲೆ ಟಿಪ್ಪು ಸುಲ್ತಾನನ ಪಹರೆ. ಅದನ್ನು ತಪ್ಪಿಸಲು ಕಾರ್ನ್‌ವಾಲಿಸ್ ಮೇ ತಿಂಗಳ ಮೊದಲಲ್ಲಿ ದಕ್ಷಿಣಕ್ಕೆ ಬಳಸಿ ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ಮಾರ್ಗವನ್ನು ಹಿಡಿದ. ಟಿಪ್ಪುವಿನ ಸವಾರರು ಮುಂದಾಗಿ ಹೋಗಿ ದಾರಿಯುದ್ದಕ್ಕೂ ಹುಲ್ಲು, ಧಾನ್ಯಗಳನ್ನು ಸುಟ್ಟರು. ಮೇ ೧೫ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಆಂಗ್ಲರು ಗೆದ್ದರೇನೋ ಸರಿ, ಗೆದ್ದವರಿಗೆ ಊಟವಿರಲಿಲ್ಲ. ಎತ್ತುಗಳು ಸತ್ತವು, ಮಳೆ ಹಿಡಿಯಿತು, ಕಾವೇರಿ ತುಂಬಿತು. ಕೊನೆಗೆ ಕಾರ್ನ್‌ವಾಲಿಸ್ ಎಳೆಯಲಾರದ ಮುತ್ತಿಗೆಯ ಫಿರಂಗಿಗಳನ್ನು ತನ್ನ ಕೈಯಾರೆ ಹಾಳು ಮಾಡಿ ಹಿಂದಿರುಗಿದ.

ಹಿಂದಿರುಗಿದ ಮೊದಲ ದಿನವೇ ದೂರದಲ್ಲಿ ಕುದುರೆಗಳ ಧೂಳು ಕಾಣಿಸಿತು. ಶತ್ರುವೆಂದು ಬಗೆದು ಆಂಗ್ಲರ ಪಡೆ ಕಾದಾಟಕ್ಕೆ ಸಜ್ಜಾಯಿತು. ಬಂದವರು ಶತ್ರುಗಳಲ್ಲ, ಹರಿಪಂತ ಮತ್ತು ಪರಶುರಾಮ ಭಾವೂ ಅವರ ನಾಯಕತ್ವದಲ್ಲಿ ನೆರವಿಗೆ ಬರುತ್ತಿದ್ದ ಮರಾಠರು! ಅವರ ಪಾಳೆಯದಲ್ಲಿ ಬೇಕಾದಷ್ಟು ಧಾನ್ಯವೂ ಇದ್ದಿತು. ಅಷ್ಟು ದೊಡ್ಡ ಸೈನ್ಯ ಅಷ್ಟು ಹತ್ತಿರದಲ್ಲಿದ್ದರೂ ಕಾರ್ನ್‌ವಾಲಿಸನಿಗೆ ಅದರ ಸುಳಿವೇ ಇರಲಿಲ್ಲ. ಎರಡು ಪಡೆಗಳ ನಡುವೆ ಸುತ್ತುತ್ತಿದ್ದ ಟಿಪ್ಪುವಿನ ಹಗುರ ಸವಾರರು ಓಲೆಕಾರರನ್ನು ದಾಟಗೊಡದೆ ತಡೆದಿದ್ದರು. ಫಿರಂಗಿಗಳಿದ್ದವು, ಸಿಪಾಯಿಗಳಿದ್ದರು, ಧೈರ್ಯವೂ ಇತ್ತು, ಇರದಿದ್ದದ್ದು ಕಣ್ಣು. ಕೆಲವು ದಿನ ಮುಂಚೆ ಯಾರಾದರೂ ಮೇಲಿನಿಂದ ನೋಡಿ ಒಂದು ಮಾತು ಹೇಳಿದ್ದರೆ ಆ ಫಿರಂಗಿಗಳು ಉಳಿಯುತ್ತಿದ್ದವು. ಶ್ರೀರಂಗಪಟ್ಟಣದ ಕಥೆಯೂ ಬೇರೆ ದಾರಿ ಹಿಡಿಯುತ್ತಿದ್ದಿತೋ ಏನೋ.

ಕಾರ್ನ್‌ವಾಲಿಸ್ ಪಾಠ ಕಲಿತ. ವರ್ಷದ ಉಳಿದ ತಿಂಗಳುಗಳನ್ನು ಬೆಟ್ಟದ ದುರ್ಗಗಳನ್ನು ಹಿಡಿಯುವುದಕ್ಕೇ ಮೀಸಲಿಟ್ಟ. ಅಂಥ ದುರ್ಗಗಳಲ್ಲಿ ಹತ್ತು ಆಳು ಇದ್ದರೂ ಕೆಳಗೆ ಹೋಗುವ ಪ್ರತಿಯೊಂದು ಎತ್ತಿನ ಗಾಡಿಯನ್ನು ಎಣಿಸಬಹುದು; ಎಣಿಸಿ ಸವಾರರಿಗೆ ಸುದ್ದಿ ಮುಟ್ಟಿಸಬಹುದು. ಮಾಗಡಿಯ ಸಾವನದುರ್ಗ ಕಾಡಿನ ಜ್ವರಕ್ಕೂ ಕಡಿದಾದ ಬಂಡೆಗೂ ಹೆಸರಾಗಿತ್ತು. ಡಿಸೆಂಬರ್ ೧೭ರಂದು ಅದರ ಮೇಲೆ ಫಿರಂಗಿಗಳು ಬೆಂಕಿ ತೆರೆದವು. ೨೧ರಂದು ಲಗ್ಗೆಯಾಗಿ ದುರ್ಗ ಬಿದ್ದಿತು. ರಾಮಗಿರಿ, ಶಿವನಗಿರಿಗಳು ಅದರ ಹಿಂದೆಯೇ ಶರಣಾದವು. ಆಗ ದಂಡಿನ ಜೊತೆಗಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಈ ಮೂರು ಬೆಟ್ಟಗಳನ್ನೂ ಬರೆದ. ಆ ಚಿತ್ರಗಳು ೧೭೯೪ರಲ್ಲಿ ಅಚ್ಚಾದವು. ಬೆಟ್ಟದ ಯಾವ ಮೈ ಇಳಿಜಾರು, ಯಾವ ಮೈ ಕಡಿದು ಎಂದು ಇಂದಿಗೂ ಅವುಗಳಲ್ಲಿ ಕಾಣಬಹುದು.

ಅದೇ ೧೭೯೪ರ ಜೂನ್ ೨೬ರಂದು ಯುರೋಪಿನ ಫ್ಲರೂಸ್ ಎಂಬ ರಣರಂಗದಲ್ಲಿ ಫ್ರೆಂಚರು ಬಲೂನನ್ನು ಏರಿ ಆಸ್ಟ್ರಿಯದ ಸೈನ್ಯದ ಚಲನವಲನವನ್ನು ನೋಡಿ ಕೆಳಕ್ಕೆ ಸುದ್ದಿ ಕಳಿಸಿದರು. ನೋಡಲು ಇನ್ನು ಬೆಟ್ಟವೇ ಬೇಕೆಂದಿರಲಿಲ್ಲ. ಬಯಲಿನಲ್ಲಿ ಬೆಟ್ಟವನ್ನು ತೇಲಿಸಬಹುದಾಗಿತ್ತು. ಬಲೂನಿನಿಂದ ವಿಮಾನಕ್ಕೆ ಉಳಿದದ್ದು ಯಂತ್ರದ ಮಾತು ಮಾತ್ರ.

ಬಂದೂಕು ಕಳಚಿಟ್ಟ ವಿಮಾನ

ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ, ೧೯೩೯ರ ಆಗಸ್ಟಿನಲ್ಲಿ, ಮಾರಿಸ್ ಲಾಂಗ್‌ಬಾಟಮ್ ಎಂಬ ಬ್ರಿಟಿಷ್ ವೈಮಾನಿಕ ತನ್ನ ಮೇಲಿನವರಿಗೆ ಒಂದು ಬರಹ ಒಪ್ಪಿಸಿದ. ಚಿತ್ರ ತೆಗೆಯಲು ಹೋಗುವ ವಿಮಾನ ಕಾದಾಡಬೇಕಾಗಿಲ್ಲ, ತಪ್ಪಿಸಿಕೊಂಡರೆ ಸಾಕು. ಬಂದೂಕುಗಳನ್ನು ಕಳಚಿ ಆ ಭಾರಕ್ಕೆ ಬದಲಾಗಿ ಪೆಟ್ರೋಲನ್ನೂ ಕ್ಯಾಮೆರಾಗಳನ್ನೂ ಹೊರಿಸಿ, ಯಾರೂ ಮುಟ್ಟಲಾಗದ ಎತ್ತರದಲ್ಲಿ, ಯಾರೂ ಹಿಡಿಯಲಾಗದ ವೇಗದಲ್ಲಿ ಹಾರಿಸಿ ಎಂಬುದು ಅದರ ತಾತ್ಪರ್ಯ. ಸಿಡ್ನಿ ಕಾಟನ್ ಎಂಬ ಸಾಹಸಿ ಆ ಯೋಚನೆಯನ್ನು ಕಾರ್ಯಕ್ಕೆ ತಂದ. ಸ್ಪಿಟ್‌ಫೈರ್ ವಿಮಾನದ ಬಂದೂಕುಗಳನ್ನು ತೆಗೆದರು. ಮೈಯನ್ನು ನುಣುಪು ಮಾಡಿ ಆಕಾಶದಲ್ಲಿ ಕರಗುವಂಥ ಬಣ್ಣ ಬಳಿದರು. ನವೆಂಬರ್ ೧೮ರಂದು ಲಾಂಗ್‌ಬಾಟಮ್ ತಾನೇ ಅದರಲ್ಲಿ ಜರ್ಮನಿಯ ಗಡಿಯತ್ತ ಹಾರಿದ.

ಈ ಕೆಲಸದ ಸ್ವರೂಪವನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಮೂವತ್ತು ಸಾವಿರ ಅಡಿ ಎತ್ತರದಿಂದ ಇಪ್ಪತ್ತು ಅಂಗುಲದ ಮಸೂರದ ಕ್ಯಾಮೆರಾ ಚಿತ್ರ ತೆಗೆದರೆ ಚಿತ್ರದ ಒಂದು ಅಂಗುಲ ನೆಲದ ಸಾವಿರದ ಐನೂರು ಅಡಿಗೆ ಸಮ. ಅಂಥ ಚಿತ್ರದಲ್ಲಿ ಸೇತುವೆ ಎಂದರೆ ಒಂದು ಕೂದಲೆಳೆ. ವಿಮಾನ ಎಂದರೆ ಒಂದು ಸಾಸುವೆ. ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಸಾಲಾಗಿ ಚಿತ್ರ ತೆಗೆಯಬೇಕು. ಜೋಡಿ ಚಿತ್ರಗಳನ್ನು ಎರಡು ಕಣ್ಣಿನ ದರ್ಶಕದ ಕೆಳಗಿಟ್ಟರೆ ಸಪಾಟಾದ ನೆಲ ಉಬ್ಬಿ ಎದ್ದು ನಿಲ್ಲುತ್ತದೆ. ನೆರಳಿನ ಉದ್ದದಿಂದ ಗೋಪುರದ ಎತ್ತರ ತಿಳಿಯುತ್ತದೆ. ಚಿತ್ರಗಳ ಸಾಲು ತಪ್ಪಬಾರದಾದರೆ ವೈಮಾನಿಕ ಗುರಿಯ ಮೇಲೆ ಬಾಣದಂತೆ ನೆಟ್ಟಗೆ, ಮಟ್ಟಸವಾಗಿ ಹಾರಬೇಕು. ಕೆಳಗಿನಿಂದ ಗುಂಡು ಬರುತ್ತಿರುವಾಗ ಹೊರಳಬೇಕೆಂದು ದೇಹವೆಲ್ಲ ಹೇಳುತ್ತದೆ, ಕೆಲಸ ಹೊರಳಬೇಡವೆನ್ನುತ್ತದೆ. ಹೊಡೆಯಲು ಬಂದೂಕಿಲ್ಲ, ಮಾತಾಡಲು ಜೊತೆಯಿಲ್ಲ. ಇದು ಒಂದು ಬಗೆಯ ತಪಸ್ಸು.

ಈ ಕಣ್ಣು ಶತ್ರುವಿನ ಗುಟ್ಟನ್ನು ಮಾತ್ರ ಹೇಳಲಿಲ್ಲ, ತನ್ನವರ ಸುಳ್ಳನ್ನೂ ಹೇಳಿತು. ೧೯೪೧ರ ಬೇಸಗೆಯಲ್ಲಿ ಬ್ರಿಟಿಷ್ ಬಾಂಬರುಗಳು ರಾತ್ರಿಯ ಹೊತ್ತು ಜರ್ಮನಿಗೆ ಹೋಗಿ ಗುರಿಗೆ ಹೊಡೆದು ಬಂದೆವೆಂದು ವರದಿ ಮಾಡುತ್ತಿದ್ದವು. ಬಾಂಬು ಬೀಳುವ ಹೊತ್ತಿಗೆ ಆ ವಿಮಾನಗಳಲ್ಲೇ ತೆಗೆದ ಆರುನೂರಕ್ಕೂ ಹೆಚ್ಚು ಚಿತ್ರಗಳನ್ನು ಬಟ್ ಎಂಬ ಸರ್ಕಾರಿ ಅಧಿಕಾರಿ ಪರೀಕ್ಷಿಸಿ, ಆಗಸ್ಟಿನಲ್ಲಿ ವರದಿ ಒಪ್ಪಿಸಿದ. ಗುರಿಗೆ ಹೊಡೆದೆವೆಂದವರಲ್ಲಿ ಮೂವರಿಗೆ ಒಬ್ಬ ಮಾತ್ರ ಗುರಿಯ ಐದು ಮೈಲಿಯೊಳಗೆ ಹೋಗಿದ್ದ! ಉಳಿದ ಬಾಂಬುಗಳು ಹೊಲದಲ್ಲೋ ಕಾಡಿನಲ್ಲೋ ಯಾರದೋ ಮನೆಯ ಮೇಲೋ ಬಿದ್ದಿದ್ದವು. ಬಾಂಬರು ಪಡೆಯ ಮುಖ್ಯಸ್ಥರಿಗೆ ಇದು ಕಹಿಯಾಯಿತು. ಆದರೆ ದಾರಿ ತೋರುವ ಉಪಕರಣಗಳೂ ಮುಂದೆ ಹೋಗಿ ಗುರಿ ಗುರುತಿಸುವ ಪಡೆಗಳೂ ಹುಟ್ಟಿದ್ದಕ್ಕೆ ಈ ಕಹಿಯೂ ಒಂದು ಕಾರಣ. ೧೯೪೩ರ ಮೇ ೧೬ರ ರಾತ್ರಿ ಮ್ಯೋನೆ ಅಣೆಕಟ್ಟನ್ನು ಒಡೆದ ಸಾಹಸ ಲೋಕಪ್ರಸಿದ್ಧ. ಮರುದಿನ ಬೆಳಿಗ್ಗೆ ಸ್ಪಿಟ್‌ಫೈರಿನಲ್ಲಿ ಒಬ್ಬನೇ ಹೋಗಿ, ಒಡೆದ ಅಣೆಯನ್ನೂ ನೀರು ಹರಿದ ಕಣಿವೆಯನ್ನೂ ಚಿತ್ರ ತೆಗೆದು ತಂದ ಫ್ರಾಂಕ್ ಫ್ರೇಯನ್ನು ಎಷ್ಟು ಮಂದಿ ನೆನೆಯುತ್ತಾರೆ?

ಬರ್ಮಾ ರಂಗದಲ್ಲಿ

ನಮ್ಮ ದೇಶಕ್ಕೆ ಈ ವಿದ್ಯೆ ಬರ್ಮಾ ಯುದ್ಧದ ಮೂಲಕ ಬಂದಿತು. ಕಲ್ಕತ್ತದ ಸುತ್ತಲಿನ ನಿಲ್ದಾಣಗಳಿಂದ ಬ್ರಿಟಿಷರ ೬೮೧ನೆಯ ಸ್ಕ್ವಾಡ್ರನ್ ಸ್ಪಿಟ್‌ಫೈರುಗಳಲ್ಲಿ, ೬೮೪ನೆಯದು ಮರದ ಮಾಸ್ಕಿಟೊ ವಿಮಾನಗಳಲ್ಲಿ ಹಾರಿದವು. ಅಮೆರಿಕದವರು ಬಂದೂಕು ತೆಗೆದ ಲೈಟ್ನಿಂಗ್ ವಿಮಾನಗಳನ್ನು ತಂದರು. ೧೯೪೪ರ ಮೊದಲಲ್ಲಿ ಎರಡೂ ದೇಶಗಳ ಈ ಪಡೆಗಳು ಒಂದೇ ಆಡಳಿತಕ್ಕೆ ಸೇರಿದವು. ಲಿಬರೇಟರ್ ಬಾಂಬರುಗಳು ಎಲ್ಲಿಗೆ ಹೋಗಬೇಕೆಂಬುದು ಇವರು ತಂದ ಚಿತ್ರಗಳ ಮೇಲೆ ನಿಂತಿದ್ದಿತು. ಸಯಾಮ್–ಬರ್ಮಾ ರೈಲು ದಾರಿಯ ಸೇತುವೆಗಳನ್ನು ಬಾಂಬರುಗಳು ಮುರಿದರೆ ಜಪಾನಿಯರು ಮತ್ತೆ ಕಟ್ಟುವರು. ಕಟ್ಟಿದ್ದಾರೆಯೇ ಎಂದು ನೋಡಲು ಮತ್ತೆ ಒಬ್ಬ ಹೋಗಬೇಕು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆ ದಾರಿಯನ್ನು ಕಟ್ಟಿದವರು ಯುದ್ಧಕೈದಿಗಳು, ಮಲಯಾದಿಂದ ಸಾಗಿಸಿ ತಂದ ತಮಿಳು ಕೂಲಿಗಳು, ಬರ್ಮೀಯರು. ಅವರ ಶಿಬಿರಗಳು ರೈಲು ಹಳಿಗೆ ಅಂಟಿಕೊಂಡೇ ಇದ್ದವು. ಬಿದ್ದ ಬಾಂಬುಗಳಲ್ಲಿ ಕೆಲವು ಅವರ ಮೇಲೂ ಬಿದ್ದವು. ಮೇಲಿನ ಕಣ್ಣಿಗೆ ಸೂರು ಕಾಣುತ್ತದೆ. ಸೂರಿನ ಕೆಳಗೆ ಮಲಗಿದವನ ಮುಖ ಕಾಣುವುದಿಲ್ಲ. ಈ ಮಿತಿಯನ್ನು ಯಾವ ಮಸೂರವೂ ಪೂರ್ತಿಯಾಗಿ ದಾಟಿಲ್ಲ.

ಭಾರತೀಯ ವಿಮಾನದಳ ಆಗ ಚಿಕ್ಕದು. ಭಾರಿ ಬಾಂಬರುಗಳು ಅದಕ್ಕೆ ದಕ್ಕಿರಲಿಲ್ಲ. ಅದರ ಪಾಲಿಗೆ ಬಂದದ್ದು ಹೆಚ್ಚಾಗಿ ನೋಡುವ ಕೆಲಸವೇ. ಮೆಹರ್ ಸಿಂಗರ ನಾಯಕತ್ವದ ೬ನೆಯ ಸ್ಕ್ವಾಡ್ರನ್ ಅರಕಾನಿನ ಕಾಡುಗಳ ಮೇಲೆ ಹರಿಕೇನ್ ವಿಮಾನಗಳಲ್ಲಿ ಜೋಡಿಯಾಗಿ ಹಾರಿತು. ಮುಂದಿನವನು ನೆಲ ನೋಡಬೇಕು. ಹಿಂದಿನವನು ಎಡಕ್ಕೂ ಬಲಕ್ಕೂ ತೂಗಾಡುತ್ತ ಆಕಾಶ ಕಾಯಬೇಕು. ‘ಹದಿನಾಲ್ಕನೆಯ ಸೈನ್ಯದ ಕಣ್ಣುಗಳು’ ಎಂದು ಆ ಸ್ಕ್ವಾಡ್ರನ್ನಿಗೆ ಹೆಸರಾಯಿತು. ಆ ಯುದ್ಧದಲ್ಲಿ ಡಿ.ಎಸ್.ಒ. ಪದಕ ಪಡೆದ ಏಕೈಕ ಭಾರತೀಯ ವೈಮಾನಿಕರು ಮೆಹರ್ ಸಿಂಗರು. ಇಂಫಾಲದಲ್ಲಿ ಇದೇ ಬಗೆಯ ಕೆಲಸ ಮಾಡಿದ ೧ನೆಯ ಸ್ಕ್ವಾಡ್ರನ್ನಿನ ನಾಯಕರು ಅರ್ಜನ್ ಸಿಂಗರು. ೧೯೪೨ರಲ್ಲಿ ಬರ್ಮಾದಲ್ಲಿ ಹೆಸರಾದ ಕೆ. ಕೆ. ಮಜುಂದಾರರು ೧೯೪೪ರಲ್ಲಿ ಫ್ರಾನ್ಸಿನ ಫಾಲೇಸಿನವರೆಗೂ ಹೋಗಿ ಜರ್ಮನರ ಮೇಲೆ ಕಣ್ಣಿಟ್ಟು ಬಂದರು.

ಈ ಯುದ್ಧದ ಬೆನ್ನ ಹಿಂದೆ ಬೆಂಗಳೂರು ಇದ್ದಿತು. ೧೯೪೦ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಸ್ಥಾಪಿಸಿದ ಹಿಂದುಸ್ತಾನ್ ವಿಮಾನ ಕಾರ್ಖಾನೆ ೧೯೪೩ರಲ್ಲಿ ಅಮೆರಿಕದ ವಿಮಾನದಳದ ಕೈಗೆ ಹೋಗಿ ದೊಡ್ಡ ದುರಸ್ತಿ ಕೇಂದ್ರವಾಯಿತು. ಕಡಲ ಮೇಲೆ ಬೇಹು ನಡೆಸುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ಅಲ್ಲಿಂದ ಕಾರ್ಖಾನೆಗೆ ಬರುತ್ತಿದ್ದವು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಯಂತೆ ಬಿದ್ದಿದ್ದ ಲಿಬರೇಟರುಗಳನ್ನು ಬೆಂಗಳೂರಿಗೆ ತಂದು ಮತ್ತೆ ಹಾರುವಂತೆ ಮಾಡಿದ್ದೂ ಇದೇ ಕಾರ್ಖಾನೆ. ಹಾಗೆ ಜೀವ ಬಂದ ಲಿಬರೇಟರುಗಳು ೧೯೫೧ರಲ್ಲಿ ಆ ೬ನೆಯ ಸ್ಕ್ವಾಡ್ರನ್ನಿಗೇ ಸೇರಿ ಸಮುದ್ರದ ಮೇಲೆ ಕಣ್ಣಿಟ್ಟವು. ಬಾಂಬು ಹಾಕಲು ಹುಟ್ಟಿದ ವಿಮಾನಕ್ಕೆ ಕಡೆಗಾಲದಲ್ಲಿ ನೋಡುವ ಕೆಲಸ ದೊರೆಯಿತು.

ಆಸನದ ಕೆಳಗಿನ ರೇಷ್ಮೆ

ಬಂದೂಕಿಲ್ಲದ ಆ ವೈಮಾನಿಕನಿಗೆ ಕೊನೆಯ ಆಸರೆ ಒಂದೇ. ಅವನು ಕೂತ ಆಸನದ ಮೆತ್ತೆಯೇ ಅದು: ಮಡಿಸಿಟ್ಟ ಪ್ಯಾರಾಚೂಟು. ಸುಮಾರು ಇಪ್ಪತ್ತನಾಲ್ಕು ಅಡಿ ಅಗಲದ ಆ ಕೊಡೆ ರೇಷ್ಮೆಯದು. ಜಪಾನು ಯುದ್ಧಕ್ಕೆ ಇಳಿದ ಮೇಲೆ ಜಪಾನಿನ ರೇಷ್ಮೆ ನಿಂತುಹೋಯಿತು. ಅಮೆರಿಕ ನೈಲಾನಿನ ಕಡೆ ಹೊರಳಿತು. ಬ್ರಿಟಿಷ್ ಸರ್ಕಾರ ಭಾರತದ ಕಡೆ ತಿರುಗಿತು. ಭಾರತದಲ್ಲಿ ಹಿಪ್ಪುನೇರಳೆಯ ರೇಷ್ಮೆ ಎಂದರೆ ಮುಖ್ಯವಾಗಿ ಮೈಸೂರು. ಮೈಸೂರಿನ ರೇಷ್ಮೆ ಎಂದರೆ ಚನ್ನಪಟ್ಟಣ, ಕನಕಪುರ, ಮಾಗಡಿ, ಆಗ ಕ್ಲೋಸ್‌ಪೇಟೆ ಎನ್ನಿಸಿಕೊಂಡಿದ್ದ ರಾಮನಗರಗಳ ಕಡೆಯ ಸೀಮೆ. ಟಿಪ್ಪುವಿನ ಕಾಲದಲ್ಲಿ ಮೈಸೂರಿಗೆ ಬಂದ ಹುಳು ಈ ಕೆಂಪು ನೆಲದಲ್ಲಿ ಮನೆಮನೆಯ ಬದುಕಾಗಿತ್ತು. ೧೯೩೦ರ ದಶಕದಲ್ಲಿ ಚನ್ನಪಟ್ಟಣದಲ್ಲಿ ರೇಷ್ಮೆ ನೂಲಿನ ಗಿರಣಿಯೂ ಎದ್ದಿತ್ತು.

ಪ್ಯಾರಾಚೂಟಿಗೆ ಎಂಥ ರೇಷ್ಮೆಯಾದರೂ ಆಗುವುದಿಲ್ಲ. ಹಳ್ಳಿಯ ಚರಕದಲ್ಲಿ ತೆಗೆದ ದಾರ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಸೀರೆಗೆ ಅದು ಸೊಗಸೇ, ಮನುಷ್ಯ ತೂಗುವ ಬಟ್ಟೆಗೆ ಅಪಾಯ. ಒಂದೇ ಸಮನಾದ ದಾರಕ್ಕೆ ಯಂತ್ರದ ಬಿಚ್ಚಣಿಕೆ ಬೇಕಾಯಿತು. ಯುದ್ಧಕಾಲದಲ್ಲಿ ಮೈಸೂರು ಸೀಮೆಯಲ್ಲಿ ಫಿಲೇಚರುಗಳು ಬೆಳೆದದ್ದಕ್ಕೆ ಈ ಬೇಡಿಕೆಯೇ ಮುಖ್ಯ ಕಾರಣ. ಒಂದು ಮೈಸೂರು ಗೂಡಿನಲ್ಲಿ ದೊರೆಯುವ ಎಳೆ ನಾನೂರು ಮೀಟರಿನ ಆಸುಪಾಸು. ಅಂಥ ಹಲವು ಎಳೆ ಸೇರಿ ಒಂದು ದಾರ, ಸಾವಿರ ಸಾವಿರ ಗೂಡು ಸೇರಿ ಒಂದು ಕೊಡೆ. ಯುದ್ಧ ಮುಗಿದೊಡನೆ ಬೇಡಿಕೆ ಕುಸಿಯಿತು, ಬೆಲೆಯೂ ಕುಸಿಯಿತು. ಅದರ ಪೆಟ್ಟು ಬಿದ್ದದ್ದು ಹುಳು ಸಾಕಿದ ಮನೆಗಳ ಮೇಲೆ. ೧೯೪೮ರ ಕಾನೂನಿನಂತೆ ಕೇಂದ್ರ ರೇಷ್ಮೆ ಮಂಡಳಿ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ.

೧೯೨೨ರಿಂದ ಒಂದು ವಿಚಿತ್ರವಾದ ಸಂಘವುಂಟು. ಪ್ಯಾರಾಚೂಟಿನಿಂದ ಪ್ರಾಣ ಉಳಿದವರು ಮಾತ್ರ ಅದರ ಸದಸ್ಯರು. ಪ್ಯಾರಾಚೂಟು ತಯಾರಿಸುತ್ತಿದ್ದ ಇರ್ವಿನ್ ಎಂಬಾತ ಅವರಿಗೆ ಒಂದು ಪುಟ್ಟ ಚಿನ್ನದ ಲಾಂಛನ ಕೊಡುತ್ತಿದ್ದ. ಆ ಲಾಂಛನದಲ್ಲಿ ಇದ್ದದ್ದು ಹದ್ದಲ್ಲ, ಸಿಂಹವಲ್ಲ, ರೇಷ್ಮೆ ಹುಳು. ಯುದ್ಧದ ಪದಕಗಳ ರಾಶಿಯಲ್ಲಿ ನಮ್ಮ ರೈತ ಹೆಂಗಸರು ತಕ್ಷಣ ಗುರುತು ಹಿಡಿಯಬಹುದಾದ ಪದಕ ಬಹುಶಃ ಅದೊಂದೇ.

ಕಂಡದ್ದನ್ನು ನಂಬಬೇಕಲ್ಲ

ಕಣ್ಣು ಕಂಡರೆ ಸಾಲದು. ಡೇರೆಯೊಳಗೆ ಕುಳಿತವರು ಅದನ್ನು ನಂಬಬೇಕು. ಸ್ವತಂತ್ರ ಭಾರತ ಇದನ್ನು ಕಲಿತದ್ದು ಬೆಲೆ ತೆತ್ತು.

೧೯೫೭ರ ನಂತರ ನಮ್ಮ ವಿಮಾನದಳಕ್ಕೆ ಕ್ಯಾನ್‌ಬೆರಾ ವಿಮಾನಗಳು ಬಂದವು. ಅವುಗಳಲ್ಲಿ ಬಾಂಬು ಹಾಕುವ ಬಗೆ ಒಂದು, ಚಿತ್ರ ತೆಗೆಯುವ ಬಗೆ ಇನ್ನೊಂದು. ಎರಡನೆಯದು ೧೦೬ನೆಯ ಸ್ಕ್ವಾಡ್ರನ್ನಿನದು. ಆ ಸ್ಕ್ವಾಡ್ರನ್ನಿನ ಜಗಮೋಹನ ನಾಥರು ೧೯೬೦ರಿಂದ ೧೯೬೨ರವರೆಗೆ ಲಡಾಖ್, ಟಿಬೆಟ್ಟುಗಳ ಮೇಲೆ ಮತ್ತೆ ಮತ್ತೆ ಹಾರಿದರು. ಆಯುಧವಿಲ್ಲ, ಬೆಂಗಾವಲಿಲ್ಲ. ಚೀನೀ ಸೈನ್ಯ ಭಾರಿಯಾಗಿ ಜಮಾಯಿಸಿರುವುದನ್ನು ತಾವು ಕಂಡು ತಿಳಿಸಿದರೂ ಮೇಲಿನವರು ಅದಕ್ಕೆ ತಕ್ಕ ಬೆಲೆ ಕೊಡಲಿಲ್ಲವೆಂದು ನಿವೃತ್ತಿಯ ನಂತರ ಅವರೇ ಹೇಳಿದ್ದುಂಟು. ೧೯೬೨ರ ಯುದ್ಧದಲ್ಲಿ ಬಾಂಬರುಗಳು ನೆಲ ಬಿಡಲೇ ಇಲ್ಲ. ಕನಕಪುರದ ದಾರಿಯಲ್ಲಿ ಕಾರ್ನ್‌ವಾಲಿಸನಿಗೆ ಕಣ್ಣಿರಲಿಲ್ಲ. ಇಲ್ಲಿ ಕಣ್ಣಿತ್ತು, ಕಿವಿಯಿರಲಿಲ್ಲ.

೧೯೬೫ರಲ್ಲಿ ನಾಥರು ಪಾಕಿಸ್ತಾನದ ಒಳನಾಡಿನ ಮೇಲೆ ಅದೇ ರೀತಿ ಹಾರಿದರು. ಎರಡು ಸಲ ಮಹಾವೀರ ಚಕ್ರ ಪಡೆದ ಕೆಲವೇ ಮಂದಿಯಲ್ಲಿ ಅವರೊಬ್ಬರು. ಎರಡೂ ಸಲ ಗುಂಡು ಹಾರಿಸದೆ ಪಡೆದರು ಎಂಬುದು ವಿಶೇಷ. ೨೦೨೩ರಲ್ಲಿ ಅವರು ತೀರಿಕೊಂಡಾಗ ನಮ್ಮಲ್ಲಿ ಎಷ್ಟು ಜನ ಅದನ್ನು ಗಮನಿಸಿದರು?

ಅದೇ ೧೯೬೫ರ ಸೆಪ್ಟೆಂಬರ್ ೭ರಂದು ಸರ್ಗೋಧಾ ದಾಳಿಯಲ್ಲಿ ಕೊಡಗಿನ ಅಜ್ಜಮಾಡ ದೇವಯ್ಯನವರು ತಮಗಿಂತ ವೇಗದ ಶತ್ರುವಿಮಾನವನ್ನು ಉರುಳಿಸಿ ತಾವೂ ಮಡಿದರು. ಅದನ್ನು ಕಂಡು ಬಂದು ಹೇಳುವ ಕಣ್ಣು ನಮ್ಮ ಕಡೆ ಒಂದೂ ಇರಲಿಲ್ಲ. ಉರುಳಿದ ವಿಮಾನದ ಪಾಕಿಸ್ತಾನಿ ವೈಮಾನಿಕ ಪ್ಯಾರಾಚೂಟಿನಿಂದ ಬದುಕಿದ್ದ. ಸತ್ಯ ಹೊರಬಿದ್ದದ್ದು ಆ ಕಡೆಯ ವಿವರಗಳಿಂದ. ದೇವಯ್ಯನವರಿಗೆ ಮಹಾವೀರ ಚಕ್ರ ಸಂದಾಗ ೧೯೮೮. ಇಪ್ಪತ್ತಮೂರು ವರ್ಷ ಕಳೆದಿತ್ತು. ನೋಡಿದವನಿಲ್ಲದಿದ್ದರೆ ಹೊಡೆದವನ ಶೌರ್ಯವೂ ಕತ್ತಲಲ್ಲಿ ಉಳಿಯುತ್ತದೆ.

ಅರ್ಧ ಶತಮಾನ ದುಡಿದ ಕ್ಯಾನ್‌ಬೆರಾಗಳು ೨೦೦೭ರಲ್ಲಿ ನಿವೃತ್ತವಾದವು. ಇಂದು ಆ ಕೆಲಸವನ್ನು ಬಹುಮಟ್ಟಿಗೆ ಉಪಗ್ರಹಗಳೂ ಮನುಷ್ಯರಿಲ್ಲದ ವಿಮಾನಗಳೂ ಮಾಡುತ್ತವೆ. ರಾಮಗಿರಿಯ ಕೋಟೆಯಿದ್ದ ರಾಮದೇವರ ಬೆಟ್ಟ ೨೦೧೨ರಿಂದ ರಣಹದ್ದುಗಳ ಧಾಮ. ಯಾರನ್ನೂ ಕೊಲ್ಲದೆ, ಬಹು ಎತ್ತರದಿಂದ ನೆಲವನ್ನು ನೋಡುತ್ತ ಬದುಕುವ ಹಕ್ಕಿ ಅದು. ಟಿಪ್ಪುವಿನ ಪಹರೆಯವರು ನಿಂತು ಗಾಡಿಗಳನ್ನು ಎಣಿಸುತ್ತಿದ್ದ ಬಂಡೆಯ ಕೆಳಗೆ ಬೆಂಗಳೂರು–ಮೈಸೂರು ರಸ್ತೆ ಈಗಲೂ ಹರಿಯುತ್ತದೆ. ಅದರ ಮಗ್ಗುಲಲ್ಲೇ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಗೂಡು ಬರುತ್ತದೆ. ಎಂದೋ ಒಂದು ದಿನ ಅಂಥ ಗೂಡಿನ ಎಳೆಯ ಮೇಲೆ ಕೂತು ಯಾರೋ ಒಬ್ಬಾತ ಬರ್ಮಾದ ಮೋಡಗಳ ಆಚೆಗೆ ನೋಡಲು ಹೋಗಿದ್ದ. ಹೊಡೆದವರ ಪಟ್ಟಿಯಲ್ಲಿ ಅವನ ಹೆಸರಿಲ್ಲ. ದಾರ ತೆಗೆದವರ ಹೆಸರಂತೂ ಯಾವ ಪಟ್ಟಿಯಲ್ಲೂ ಇಲ್ಲ.